ತುಮಕೂರಿನಲ್ಲಿ ಜರ್ನಲ್ ಕ್ಲಬ್ ಶುರು ಮಾಡಿದ್ದೇವೆ, ಯಾರೂ ಬಾಯಿ ಬಿಡುತ್ತಿಲ್ಲ. ಏನು ಮಾಡೋದು?

ಮೈಕ್ರೋಬಯಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೀರಿ, ಸಂಶೋಧನಾ ಪೇಪರ್ ಓದಿ ಚರ್ಚಿಸುವ ಈ ಕ್ಲಬ್ಬಿಗೆ ಬರುವವರು ವಾರ ವಾರ ಕಡಿಮೆಯಾಗುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನೂ ತುಮಕೂರಿನಲ್ಲೇ ಪಿಎಚ್‌ಡಿ ಮಾಡಿದವಳು.

ಮೊದಲು ಆ ಪಿಪಿಟಿ ಬಿಡಿ. ಒಬ್ಬರು ರಾತ್ರಿಯೆಲ್ಲ ಕೂತು ಸ್ಲೈಡ್ ಮಾಡುತ್ತಾರೆ, ಉಳಿದವರು ಪೇಪರ್ ತೆರೆದೂ ನೋಡದೆ ಬರುತ್ತಾರೆ. ಅದು ಸೆಮಿನಾರ್ ಆಯ್ತು ಅಷ್ಟೇ. ಸೆಮಿನಾರಿಗಾದರೂ ಮಾರ್ಕ್ಸ್ ಇರುತ್ತದೆ, ಇಲ್ಲಿ ಅದೂ ಇಲ್ಲ. ಮತ್ಯಾಕೆ ಬರ್ತಾರೆ ಹೇಳಿ?

ಪೇಪರಿನ ಫಿಗರ್‌ಗಳನ್ನು ಮಾತ್ರ ಪ್ರಿಂಟ್ ತೆಗೆದು ಮೇಜಿನ ಮೇಲಿಡಿ. ಲೇಖಕರು ಏನು ಹೇಳಿದ್ದಾರೆ ಅನ್ನೋದು ಆಮೇಲೆ. ಮೊದಲು ಈ ಚಿತ್ರದಿಂದ ನಮಗೇನು ಗೊತ್ತಾಗುತ್ತದೆ, ಕಂಟ್ರೋಲ್ (ಹೋಲಿಕೆಗೆಂದು ಇಟ್ಟದ್ದು) ಯಾವುದು, ಏನು ಬಂದಿದ್ದರೆ ಇವರ ವಾದ ಬಿದ್ದುಹೋಗುತ್ತಿತ್ತು, ಇಷ್ಟನ್ನು ಮಾತಾಡಿ.

ಶುರುವಿಗೆ 1958ರ ಮೆಸೆಲ್ಸನ್–ಸ್ಟಾಲ್ ಪೇಪರ್ ಚೆನ್ನಾಗಿರುತ್ತದೆ. ಡಿಎನ್‌ಎ ನಕಲಾಗುವ ಈ ಕಥೆ ಪಿಯುಸಿಯಿಂದಲೇ ಎಲ್ಲರಿಗೂ ಬಾಯಿಪಾಠ, ಆದರೆ ಮೂಲ ಪೇಪರ್ ಓದಿದವರು ಬಹಳ ಕಡಿಮೆ. ಭಾರದ ಸಾರಜನಕದಲ್ಲಿ, ಅಂದರೆ ಎನ್-15ರಲ್ಲಿ ಬೆಳೆದ ಇ. ಕೋಲಿ ಬ್ಯಾಕ್ಟೀರಿಯಾವನ್ನು ಮಾಮೂಲಿ ಎನ್-14ಕ್ಕೆ ಹಾಕಿದರು. ಒಂದು ಪೀಳಿಗೆ ಆದ ಮೇಲೆ, ಸಾಂದ್ರತೆಯ ಪ್ರಕಾರ ಬೇರ್ಪಡಿಸುವ ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಡಿಎನ್‌ಎಯ ಒಂದೇ ಪಟ್ಟಿ, ಅದೂ ಭಾರ-ಹಗುರಗಳ ನಡುವೆ. ಇದನ್ನು ನೋಡಿದ ಕೂಡಲೇ ಯಾರಾದರೂ 'ಸೆಮಿಕನ್ಸರ್ವೇಟಿವ್' ಅಂತಾರೆ, ಅಂದರೆ ಪ್ರತಿ ಹೊಸ ಡಿಎನ್‌ಎಯಲ್ಲಿ ಒಂದು ಎಳೆ ಹಳೆಯದು, ಒಂದು ಹೊಸದು. ಅಲ್ಲೇ ನಿಲ್ಲಿಸಿ. ಹಳೆಯ ಡಿಎನ್‌ಎ ತುಂಡು ತುಂಡಾಗಿ ಎರಡೂ ಎಳೆಗಳಲ್ಲಿ ಬೆರೆತಿದ್ದರೂ ಇದೇ ಪಟ್ಟಿ ಬರುತ್ತಿತ್ತಲ್ವಾ? ಹಾಗಾದರೆ ಎರಡನೇ ಪೀಳಿಗೆಯಲ್ಲಿ ಏನು ಕಾಣಬೇಕು? ಪೆನ್ನು ಹಿಡಿದು ಗೀಚಲು ಶುರು ಮಾಡುತ್ತಾರೆ ನೋಡಿ. ಹಾಗೆ ಬೆರೆತಿದ್ದರೆ ಆಗಲೂ ಒಂದೇ ಪಟ್ಟಿ, ಸ್ವಲ್ಪ ಹಗುರದ ಕಡೆ ಸರಿದು. ಬಂದದ್ದು ಎರಡು: ಒಂದು ನಡುವೆ, ಒಂದು ಹಗುರ. ಆಮೇಲೆ ಯಾರನ್ನೂ ಮಾತಾಡಿಸಬೇಕಾಗಿಲ್ಲ.

ಮುಂದಿನ ಸಲ ಜಗಳದ ಪೇಪರ್ ತನ್ನಿ. ರಂಜಕದ ಬದಲು ಆರ್ಸೆನಿಕ್ ಬಳಸಿ ಬ್ಯಾಕ್ಟೀರಿಯಾ ಬೆಳೆಯುತ್ತದೆ ಎಂದು 2010ರಲ್ಲಿ 'ಸೈನ್ಸ್'ನಲ್ಲಿ ಬಂತು. 2012ರಲ್ಲಿ ಬೇರೆಯವರು ಮಾಡಿ ನೋಡಿದಾಗ ಆ ಮಾತು ನಿಲ್ಲಲಿಲ್ಲ. 2025ರಲ್ಲಿ ಪತ್ರಿಕೆಯೇ ಆ ಪೇಪರ್ ಹಿಂಪಡೆಯಿತು. ಮೂರನ್ನೂ ಒಟ್ಟಿಗೆ ಓದಿ.

ಮಾತು ಕನ್ನಡದಲ್ಲೇ ನಡೆಯಲಿ, ಪದಗಳು ಇಂಗ್ಲಿಷಿನವು ಬಂದರೆ ಬರಲಿ. ಇಂಗ್ಲಿಷ್ ತಪ್ಪಾದೀತೆಂದು ಸುಮ್ನೆ ಕೂರುವವರಲ್ಲೇ ಒಳ್ಳೆ ಪ್ರಶ್ನೆಗಳಿರುತ್ತವೆ, ನಾನು ಕಂಡಂತೆ. ಗೈಡ್ ಬಂದರೆ ಸಂತೋಷ. ಆದರೆ ಕೊನೆಗೆ ಮಾತಾಡಿ ಸಾರ್ ಎಂದು ಮೊದಲೇ ಕೇಳಿಕೊಳ್ಳಿ. ಅವರು ಮೊದಲೇ ಹೇಳಿಬಿಟ್ಟರೆ ಮುಗೀತು.

ಪೇಪರ್ ಸಿಗೋದು ಈಗ ಅಷ್ಟು ಕಷ್ಟವಲ್ಲ. ಹಳೆಯವು ಎಷ್ಟೋ ಪಬ್‌ಮೆಡ್ ಸೆಂಟ್ರಲ್ ಜಾಲತಾಣದಲ್ಲಿ, ಹೊಸವು ಎಷ್ಟೋ, ಜರ್ನಲ್‌ನಲ್ಲಿ ಬರುವ ಮೊದಲೇ, ಬಯೋಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮದು ಸರ್ಕಾರಿ ಸಂಸ್ಥೆಯಾದರೆ 2025ರಿಂದ ಜರ್ನಲ್‌ಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಇದೆ, ಲೈಬ್ರರಿಯಲ್ಲಿ ವಿಚಾರಿಸಿ.

ಸಮಯ ಮಾತ್ರ ಮಧ್ಯಾಹ್ನ ಇಡಿ. ಸಂಜೆ ಐದಕ್ಕೆ ಕರೆದರೆ ತಿಪಟೂರು, ಶಿರಾ, ಕುಣಿಗಲ್ ಕಡೆಯವರು ಬಸ್ ಹಿಡಿಯುವ ಯೋಚನೆಯಲ್ಲೇ ಇರುತ್ತಾರೆ.