12 ವೋಲ್ಟ್ ಮಾಡಿದ ಹಳೆ ವಿಲ್ಲಿಸ್ ಪಿಕಪ್‌ಗೆ ಫಾಗ್ ಲ್ಯಾಂಪ್, ಚಾರ್ಜರ್, ಸ್ಟೀರಿಯೊ: ವೈರ್ ಎಲ್ಲಿಂದ ಎಳೆಯಬೇಕು?

ನೀವು ಕೇಳಿದ್ದು ಇಷ್ಟು: ಮಾವನವರಿಂದ ಬಂದ 1950ರ ದಶಕದ ವಿಲ್ಲಿಸ್ ಪಿಕಪ್ ಈಗ ಪುಣೆಯ ಕೋಥರೂಡಿನಲ್ಲಿದೆ. ಮೊದಲು 6 ವೋಲ್ಟ್ ಇದ್ದದ್ದನ್ನು ಯಾರೋ 12 ಮಾಡಿ, ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಲೂಕಾಸ್ ಸಿ40 ಡೈನಮೊ ಕೂರಿಸಿದ್ದಾರೆ. ಮಳೆಗಾಲದಲ್ಲಿ ಅಂಬೋಲಿ ಘಾಟ್ ನೋಡಿಕೊಂಡು ಬೆಳಗಾವಿಗೆ ಹೋಗುವ ಆಸೆ. ಅದಕ್ಕೆ ಎರಡು ಫಾಗ್ ಲ್ಯಾಂಪ್, ಮೊಬೈಲ್ ಚಾರ್ಜರ್, ಒಂದು ಸ್ಟೀರಿಯೊ ಬೇಕು. ಗ್ಯಾರೇಜಿನವರು "ಬ್ಯಾಟರೀಲಾ ಡೈರೆಕ್ಟ್ ದೇತೋ", ಅಂದರೆ ನೇರ ಬ್ಯಾಟರಿಗೇ ಕೊಡ್ತೀನಿ, ಅಂದಿದ್ದಾರೆ. ಹಾಗೆ ಮಾಡಿಸಬಹುದಾ?

ಈ ಗಾಡಿಗೆ ಬೇಡ. ಇವತ್ತಿನ ಕಾರಿಗೆ ಆ ಮಾತು ಸರಿ, ನಡುವೆ ಫ್ಯೂಸ್ ಇದ್ದರೆ. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕರೆಂಟ್ ತೋರಿಸುವ ಆಮ್‌ಮೀಟರ್ ಇದೆಯಲ್ಲ, ಅಲ್ಲೇ ವ್ಯತ್ಯಾಸ ಇರೋದು. ನಾನು ಚಿಂಚವಾಡದಲ್ಲಿ ವೈರಿಂಗ್ ಹಾರ್ನೆಸ್, ಅಂದರೆ ಗಾಡಿಯ ವೈರ್ ಕಟ್ಟಿನ ಕೆಲಸದವನು, ರಜೆ ಸಿಕ್ಕಾಗ ಹಳೆ ಜೀಪುಗಳ ಕೆಳಗೆ ಮಲಗುವ ಚಟವೂ ಇದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ವೈರ್ ಕೊಳ್ಳುವ ಮೊದಲು ಡೈನಮೊದ ಲೆಕ್ಕ ಹಾಕಿ. ಸಿ40 ಪೂರ್ತಿ ವೇಗದಲ್ಲಿ ತಿರುಗಿದಾಗ ಕೊಡುವುದು 22 ಆಂಪ್. ಇಗ್ನಿಷನ್ ಕಾಯಿಲ್‌ಗೆ ಸುಮಾರು 4, ಹೆಡ್‌ಲೈಟ್ ಡಿಪ್‌ನಲ್ಲಿ 40 ವ್ಯಾಟ್‌ನ ಎರಡು ಬಲ್ಬಿಗೆ 7 ಹತ್ತಿರ, ಹಿಂದಿನ ದೀಪ ಮತ್ತು ಮೀಟರ್ ದೀಪಕ್ಕೆ 2, ವೈಪರ್‌ಗೆ 3. ಮಳೆಯ ರಾತ್ರಿಯಲ್ಲಿ ಇಷ್ಟಕ್ಕೇ 16 ಆಂಪ್ ಹೋಯಿತು. ಇದರ ಮೇಲೆ 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಫಾಗ್ ಲ್ಯಾಂಪ್ ಅಂದರೆ ಇನ್ನೂ 9. ಒಟ್ಟು 25 ಆಯಿತು, ಕಡಿಮೆ ಬಿದ್ದದ್ದನ್ನು ಬ್ಯಾಟರಿ ತುಂಬಬೇಕು. ಘಾಟಿನಲ್ಲಿ ಲಾರಿಯ ಹಿಂದೆ ತೆವಳುವಾಗ, ಸಿಗ್ನಲ್‌ನಲ್ಲಿ ನಿಂತಾಗ ಡೈನಮೊ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಅದು ಇವತ್ತಿನ ಕಾರಿನ ಆಲ್ಟರ್ನೇಟರ್ ಅಲ್ಲ. ಹಾಗಾಗಿ 20 ವ್ಯಾಟ್‌ನ ಎಲ್‌ಇಡಿ ಫಾಗ್ ಲ್ಯಾಂಪ್ ತಗೊಳ್ಳಿ, ಎರಡೂ ಸೇರಿ ಮೂರೂವರೆ ಆಂಪ್ ಒಳಗೆ ಮುಗಿಯುತ್ತದೆ. ಹಳೆ ಗಾಡಿಗೆ ಎಲ್‌ಇಡಿ ಹೊಂದುವುದಿಲ್ಲ ಅನ್ನುವ ಶುದ್ಧಾಚಾರಿಗಳು ಇದ್ದಾರೆ. ಅವರು ಮಂಜಿನಲ್ಲಿ ಅಂಬೋಲಿ ಹತ್ತುವುದಿಲ್ಲ ಬಿಡಿ. ಚಾರ್ಜರ್‌ಗೆ ಒಂದು ಆಂಪ್ ಸಾಕು, ಸ್ಟೀರಿಯೊ ಹಿತವಾಗಿ ಕೇಳುವಷ್ಟಕ್ಕೆ ಮೂರೋ ನಾಲ್ಕೋ.

ಈಗ ಆಮ್‌ಮೀಟರ್ ವಿಷಯ. ಸೆಲ್ಫ್ ಮೋಟರ್‌ನದು ಬಿಟ್ಟರೆ, ಬ್ಯಾಟರಿಗೆ ಹೋಗುವ ಬರುವ ಕರೆಂಟೆಲ್ಲ ಅದರ ಮೂಲಕವೇ ದಾಟುತ್ತದೆ. ಅದರ ಹಿಂದೆ ಎರಡು ಬೋಲ್ಟ್ ಇವೆ. ಒಂದಕ್ಕೆ ಬ್ಯಾಟರಿ ಕಡೆಯಿಂದ ದಪ್ಪ ವೈರ್ ಬಂದಿರುತ್ತದೆ, ಇನ್ನೊಂದಕ್ಕೆ ಕಟ್‌ಔಟ್ (ಡೈನಮೊ, ಬ್ಯಾಟರಿ ನಡುವಿನ ರೆಗ್ಯುಲೇಟರ್) ಕಡೆಯದು. ಫಾಗ್ ಲ್ಯಾಂಪನ್ನು ನೇರ ಬ್ಯಾಟರಿಗೆ ಕೊಟ್ಟರೆ, ಎಂಜಿನ್ ಓಡುವಾಗ ಡೈನಮೊದಿಂದ ಹೊರಟ ಕರೆಂಟ್ ಆಮ್‌ಮೀಟರ್ ದಾಟಿ ಬ್ಯಾಟರಿ ಟರ್ಮಿನಲ್‌ಗೆ ಬಂದು, ಅಲ್ಲಿಂದ ಲ್ಯಾಂಪಿಗೆ ಹೋಗುತ್ತದೆ. ಮುಳ್ಳು ಮಾತ್ರ ಪ್ಲಸ್ ಕಡೆ ವಾಲಿ "ಚಾರ್ಜ್ ಆಗ್ತಿದೆ" ಅನ್ನುತ್ತಾ ಕೂರುತ್ತದೆ. ಬ್ಯಾಟರಿಗೆ ಒಂದು ಹನಿಯೂ ಸೇರಿರುವುದಿಲ್ಲ. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದಾಗ ನಿಜ ಗೊತ್ತಾಗುತ್ತದೆ.

ಆದ್ದರಿಂದ ಹೊಸ ಲೋಡ್ ಎಲ್ಲವೂ ಕಟ್‌ಔಟ್ ಕಡೆಯ ಬೋಲ್ಟಿನಿಂದಲೇ ಹೊರಡಬೇಕು. ಯಾವುದು ಯಾವುದೆಂದು ವೈರಿನ ಬಣ್ಣ ನೋಡಿ ನಂಬಬೇಡಿ, ಎಪ್ಪತ್ತು ವರ್ಷದಲ್ಲಿ ಎಷ್ಟು ಕೈ ಬಿದ್ದಿದೆಯೋ. ಪರೀಕ್ಷೆ ಸುಲಭ. ಎಂಜಿನ್ ಆಫ್ ಇರಲಿ, ಹೊಸ ಲೋಡ್ ಒಂದನ್ನು ಆನ್ ಮಾಡಿ. ಮುಳ್ಳು ಮೈನಸ್ ಕಡೆ ಸರಿದರೆ ಜಾಗ ಸರಿ. ಅಲುಗದೆ ನಿಂತರೆ ನೀವು ಬ್ಯಾಟರಿ ಕಡೆಯ ಬೋಲ್ಟ್ ಹಿಡಿದಿದ್ದೀರಿ. ಈ ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿಡಿ. ಆ ಬೋಲ್ಟುಗಳಿಗೆ ಯಾವ ಫ್ಯೂಸಿನ ರಕ್ಷಣೆಯೂ ಇಲ್ಲ, ಸ್ಪ್ಯಾನರ್ ಬಾಡಿಗೆ ತಗುಲಿದರೆ ಅಲ್ಲೇ ವೆಲ್ಡಿಂಗ್.

ಹಳೆ ಹಾರ್ನೆಸ್‌ಗೆ ಮಾತ್ರ ಎಲ್ಲೂ ಕೊಂಡಿ ಹಾಕಬೇಡಿ. ನಿಮ್ಮದರಲ್ಲಿ ಇನ್ನೂ ಬಟ್ಟೆ ಸುತ್ತಿದ ವೈರ್ ಇದ್ದರೆ, ಒಳಗಿನ ರಬ್ಬರ್ ಒಣಗಿ ಬಿಸ್ಕತ್ತಿನಂತಾಗಿರುತ್ತದೆ, ಬಗ್ಗಿಸಿದಲ್ಲಿ ಉದುರುತ್ತದೆ. ಅದು ತನ್ನ ಪಾಡಿಗೆ ಹಳೆ ದೀಪಗಳನ್ನು ನೋಡಿಕೊಳ್ಳಲಿ, ಹೊಸದಕ್ಕೆ ಬೇರೆಯದೇ ಲೈನ್ ಎಳೆಯಿರಿ. ಆಮ್‌ಮೀಟರ್ ಬೋಲ್ಟಿನಿಂದ 4 ಚದರ ಮಿಲಿಮೀಟರ್ ವೈರ್, ಗೇಣುದ್ದದೊಳಗೆ 25 ಆಂಪ್‌ನ ಮೇನ್ ಫ್ಯೂಸ್, ಅಲ್ಲಿಂದ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ರಿಲೇಯಿಂದ ಡ್ಯಾಶ್ ಕೆಳಗೆ ನಾಲ್ಕು ದಾರಿಯ ಬ್ಲೇಡ್ ಫ್ಯೂಸ್ ಬಾಕ್ಸ್. ಈ ರಿಲೇಯನ್ನು ಇಗ್ನಿಷನ್ ಸ್ವಿಚ್ ಎಳೆಯಲಿ. ಆಗ ಹಳೆ ಸ್ವಿಚ್ಚಿನ ಮೇಲೆ ಬೀಳುವುದು ಕಾಲು ಆಂಪ್‌ಗಿಂತ ಕಡಿಮೆ, ಕೀ ತೆಗೆದರೆ ಎಲ್ಲವೂ ಸತ್ತಿರುತ್ತದೆ.

ಫಾಗ್ ಲ್ಯಾಂಪಿಗೆ ಇನ್ನೊಂದು ರಿಲೇ. ಅದರ ಕೆಳಗೆ ನಂಬರ್ ಇರುತ್ತವೆ: 30ಕ್ಕೆ ಫ್ಯೂಸ್ ಬಾಕ್ಸಿನ ವೈರ್, 87ರಿಂದ ಲ್ಯಾಂಪಿಗೆ, 85 ಬಾಡಿಗೆ, 86ಕ್ಕೆ ನಿಮ್ಮ ಸ್ವಿಚ್. ಆ ಸ್ವಿಚ್ಚಿಗೆ ಕರೆಂಟನ್ನು ಪಾರ್ಕಿಂಗ್ ಲೈಟ್ ಸ್ವಿಚ್ಚಿನ ಟರ್ಮಿನಲ್‌ನಿಂದ ಕೊಟ್ಟರೆ, ದೀಪ ಆರಿಸಿದಾಗ ಫಾಗ್ ಲ್ಯಾಂಪೂ ಆರುತ್ತದೆ. ಐದು ಕಾಲಿನ ರಿಲೇ ಸಿಕ್ಕರೆ ನಡುವಿನ 87ಎ ಖಾಲಿ ಬಿಡಿ. ಎಲ್‌ಇಡಿಗೆ 1.5 ಚದರ ಮಿಲಿಮೀಟರ್ ವೈರ್, 5 ಆಂಪ್ ಫ್ಯೂಸ್ ಸಾಕು. ಫ್ಯೂಸ್ ಇರುವುದು ವೈರ್ ಕಾಯಲಿಕ್ಕೆ, ದೊಡ್ಡದು ಹಾಕಿದಷ್ಟೂ ಕಾವಲು ಕಡಿಮೆ. ಹಾಗೇ ಒಂದು ಮಾತು: ಗಾಡಿಯಲ್ಲಿ ಲೂಕಾಸ್‌ನ ಹಳೆ ಗಾಜಿನ ಫ್ಯೂಸ್ ಇದ್ದು ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಆಂಪ್, ನಿರಂತರ ತಾಳುವುದು ಅದರ ಅರ್ಧದಷ್ಟೇ. ಅದರ ಜಾಗಕ್ಕೆ 35ರ ಬ್ಲೇಡ್ ಫ್ಯೂಸ್ ಹಾಕಿದರೆ ವೈರ್ ಮೊದಲು ಉರಿಯುತ್ತದೆ.

ರಿಲೇ, ಫ್ಯೂಸ್ ಬಾಕ್ಸ್, ಲಗ್ (ವೈರ್ ತುದಿಯ ಲೋಹದ ಕೊಂಡಿ), ಆಟೋ ಕೇಬಲ್ ಎಲ್ಲ ನಾನಾ ಪೇಟೆಯಲ್ಲಿ ಸಿಗುತ್ತದೆ. ತಾಪ್ಕೀರ್ ಗಲ್ಲಿಯಲ್ಲಿ ಒಳ್ಳೆಯ ಮನೆ ವೈರ್ ಸಿಗುತ್ತದೆ ನಿಜ, ಆದರೆ ಗಟ್ಟಿ ಎಳೆಯ ವೈರ್ ಗಾಡಿಯ ಅದುರಿಗೆ ಲಗ್ಗಿನ ಬುಡದಲ್ಲೇ ಮುರಿಯುತ್ತದೆ. ಬೆಸುಗೆ ಹಾಕಿದ ಜಾಗವೂ ಹಾಗೇ ಬಿರುಸಾಗುತ್ತದೆ, ಒಳ್ಳೆ ಇಕ್ಕಳದಲ್ಲಿ ಕ್ರಿಂಪ್ ಮಾಡಿಸಿ. ತಗಡಿನ ತೂತು ದಾಟುವಲ್ಲಿ ರಬ್ಬರ್ ಗ್ರೊಮೆಟ್ ಇರಲಿ, ಮತ್ತು ಒಳಗೆ ನುಗ್ಗುವ ಮುನ್ನ ವೈರ್ ಸ್ವಲ್ಪ ಕೆಳಗೆ ಜೋತಾಡಲಿ. ಮಳೆ ನೀರು ಅಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಅರ್ಥ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅರ್ಧ ರಗಳೆ ಅಲ್ಲಿಂದಲೇ. ಪಿಕಪ್‌ನ ಹಿಂದಿನ ಡಬ್ಬಿ ಚಾಸಿಸ್ ಮೇಲೆ ಮರ ಅಥವಾ ರಬ್ಬರ್ ಪ್ಯಾಕಿಂಗ್ ಇಟ್ಟು ಕೂರಿಸಿದ್ದು, ಬೋಲ್ಟಿಗೆ ತುಕ್ಕು ಹಿಡಿದರೆ ಡಬ್ಬಿಗೆ ಅರ್ಥ್ ಇಲ್ಲ. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಪೂರ್ತಿ ಮಿಣುಕಿದರೆ ಇದೇ ಕಾರಣ. ಡಬ್ಬಿಯಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಎಂಜಿನ್‌ಗೆ ಒಂದೊಂದು ಪಟ್ಟಿ ಹಾಕಿ. ಬಣ್ಣ ಕೆರೆದು, ಹಲ್ಲಿನ ವಾಶರ್ ಇಟ್ಟು ಬಿಗಿದು, ಮೇಲೆ ವ್ಯಾಸಲಿನ್ ಸವರಿ.

ಸ್ಟೀರಿಯೊದ ಹಳದಿ ವೈರ್ ಮೆಮೊರಿಗೆ, ಕೆಂಪು ಕೀಗೆ, ಕಪ್ಪು ಅರ್ಥ್. ನಿಮ್ಮ ಗಾಡಿ ವಾರಗಟ್ಟಲೆ ನಿಂತೇ ಇರುವುದಾದರೆ ಹಳದಿ, ಕೆಂಪು ಎರಡನ್ನೂ ಸೇರಿಸಿ ಕೀ ಮೇಲೇ ಹಾಕಿ. 20 ಮಿಲಿಆಂಪ್ ಎಳೆದರೂ ತಿಂಗಳಿಗೆ 14 ಆಂಪ್ ಅವರ್ ಸೋರಿಹೋಗುತ್ತದೆ. ಸ್ಟೇಷನ್ ಮತ್ತೆ ಹುಡುಕಿಕೊಂಡರಾಯಿತು. ಎಂಜಿನ್ ವೇಗಕ್ಕೆ ತಕ್ಕಂತೆ ಸ್ಪೀಕರ್ ಕೊಂಯ್ಗುಟ್ಟಿದರೆ ಡೈನಮೊದ ದೊಡ್ಡ ಟರ್ಮಿನಲ್, ಅಂದರೆ ಡಿಗೆ 1 ಮೈಕ್ರೊಫ್ಯಾರಡ್ ಕಂಡೆನ್ಸರ್ ಹಾಕಿಸಿ, ಚಿಕ್ಕದಾದ ಎಫ್‌ಗೆ ಬೇಡವೇ ಬೇಡ.

ವಿಂಟೇಜ್ ನೋಂದಣಿಯ ಯೋಚನೆ ಇದ್ದರೆ ಡ್ಯಾಶ್, ಬಂಪರ್ ಕೊರೆಯಬೇಡಿ, ಎಲ್ಲವನ್ನೂ ಕ್ಲಾಂಪ್ ಮೇಲೆ ಕೂರಿಸಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿರಬೇಕು. ಆದರೆ ವಿಂಟೇಜ್ ಗಾಡಿಗೆ ಕೊಡುವ ಆ ವಿಎ ನಂಬರ್ ಬಂದ ಮೇಲೆ ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿಗೆ ಬಿಟ್ಟು ಓಡಿಸುವಂತಿಲ್ಲ. ಬೆಳಗಾವಿ ಪ್ರವಾಸ ಮೊದಲು ಮುಗಿಸಿಕೊಳ್ಳಿ.

ಚಾರ್ಜರ್ ಕೊಳ್ಳುವ ಮುಂಚೆ ಬಾನೆಟ್ ಎತ್ತಿ, ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ನೋಡಿ. ವಿಲ್ಲಿಸ್ ಮೂಲದಲ್ಲಿ ನೆಗೆಟಿವ್ ಅರ್ಥ್, ಆದರೆ ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಮಾಮೂಲು, ನಿಮ್ಮ ಡೈನಮೊ ಆ ಕಡೆಯದು. ಈಗಿನ ಚಾರ್ಜರ್, ಸ್ಟೀರಿಯೊ ನೆಗೆಟಿವ್ ಅರ್ಥ್‌ಗೇ ಮಾಡಿದವು, ಪಾಸಿಟಿವ್ ಬಾಡಿಗೆ ಕೊಟ್ಟಿದ್ದರೆ ಇಲ್ಲಿ ಬರೆಯಿರಿ. ಅದನ್ನು ತಿರುಗಿಸಿ ಡೈನಮೊ ಪೋಲರೈಸ್ ಮಾಡುವ, ಅಂದರೆ ಹೊಸ ದಿಕ್ಕಿಗೆ ಒಗ್ಗಿಸುವ ಕ್ರಮ ಬೇರೆ ಇದೆ, ಅಲ್ಲಿಯವರೆಗೆ ಸ್ಟೀರಿಯೊ ಡಬ್ಬಿಯಲ್ಲೇ ಇರಲಿ.