ಮುಕ್ಕಾಲು ಇಂಚಿನ ಬ್ಲೇಡಿನ ಆಸೆ

ಪ್ರಶ್ನೆ: ಸರ್, ಸಾಗರದ ಹತ್ತಿರ ನಮ್ಮ ಊರು. ಅಡಿಕೆ ತೋಟ ಇದೆ, ಜೊತೆಗೆ ಮರಗೆಲಸದ ಹುಚ್ಚು. ಕೊಟ್ಟಿಗೆ ಪಕ್ಕದ 10 ಅಡಿಗೆ 12 ಅಡಿಯ ಶೆಡ್ಡಿನಲ್ಲಿ ಮಣೆ, ಸ್ಟೂಲು, ಮಕ್ಕಳ ಆಟಿಕೆ ಮಾಡುತ್ತೇನೆ. ಆರು ವರ್ಷದ ಹಿಂದೆ ತಂದ, ಎರಡು ಚಕ್ರಗಳ ಮೇಲೆ ಬಳೆಯಂಥ ಬ್ಲೇಡ್ ಸುತ್ತುವ 10 ಇಂಚಿನ ಬ್ಯಾಂಡ್‌ಸಾ ಇತ್ತು. ಮೊನ್ನೆ ಹಲಸಿನ ಹಲಗೆ ಸೀಳುವಾಗ ಮೇಲಿನ ಚಕ್ರ ಹಿಡಿಯುವ ಬ್ರಾಕೆಟ್ ಸೀಳಿಹೋಯಿತು. ಯಂತ್ರದ ಪುಸ್ತಕದಲ್ಲಿ ಅರ್ಧ ಇಂಚಿನ ಬ್ಲೇಡ್ ಅಂತ ಇತ್ತು, ನಾನು ಮುಕ್ಕಾಲು ಇಂಚಿನದು ಹಾಕಿದ್ದೆ. ಈಗ ಮೂರು ದಾರಿ ಇವೆ. ತಗಡಿನ ಮೈಯ ಹೊಸ 12 ಇಂಚು, ಎರಕದ 14 ಇಂಚು, ಇಲ್ಲವೇ ಶಿವಮೊಗ್ಗದಲ್ಲಿ ಮುಚ್ಚಿದ ಫರ್ನಿಚರ್ ಅಂಗಡಿಯವರು ಗುಜರಿ ಬೆಲೆಗೆ ಕೊಡುವ 18 ಇಂಚಿನದು, 3 ಎಚ್‌ಪಿ, ತ್ರೀ ಫೇಸ್. ಮುಂದೆ 8 ಇಂಚಿನವರೆಗೆ ಸೀಳಬೇಕು. ಯಾವುದು ತಗೊಳ್ಳಲಿ? ಬ್ರಾಕೆಟ್ಟಿಗೆ ವೆಲ್ಡಿಂಗ್ ಮಾಡಿಸಿದರೆ ಆಗಲ್ವಾ?

ಉತ್ತರ: ಉತ್ತರದ ಅರ್ಧ ನಿಮ್ಮ ಕಾಗದದಲ್ಲೇ ಇದೆ. ‘ಪುಸ್ತಕದಲ್ಲಿ ಅರ್ಧ ಇಂಚು ಅಂತ ಇತ್ತು’ ಎಂದು ನೀವೇ ಒಪ್ಪಿಕೊಂಡಿದ್ದೀರಿ. ಬ್ಲೇಡ್ ಅಗಲವಾದಷ್ಟೂ ಅದನ್ನು ಬಿಗಿಯಾಗಿ ನಿಲ್ಲಿಸಲು ಬೇಕಾದ ಎಳೆತ ಜಾಸ್ತಿ. ಅರ್ಧ ಇಂಚಿನ ಜಾಗದಲ್ಲಿ ಮುಕ್ಕಾಲು ಹಾಕಿದರೆ ಒಂದೂವರೆ ಪಟ್ಟು. ಆ ಎಳೆತವನ್ನೆಲ್ಲ ತಡೆಯುವುದು ಆ ಪುಟ್ಟ ಬ್ರಾಕೆಟ್ಟೇ. ರಾತ್ರಿ ಬಿಗಿ ಸಡಿಲಿಸುತ್ತಿದ್ದಿರಾ? ನೀವು ಬರೆದಿಲ್ಲ. ಇಲ್ಲ ಎಂದುಕೊಳ್ಳುತ್ತೇನೆ.

ವೆಲ್ಡಿಂಗ್ ಬೇಡ. ಸಣ್ಣ ಯಂತ್ರಗಳಲ್ಲಿ ಆ ಭಾಗ ಸಾಮಾನ್ಯವಾಗಿ ಅಚ್ಚಿಗೆ ಹೊಯ್ದ ಹಗುರ ಲೋಹ. ಬೆಸುಗೆ ನೋಡಲು ಚೆನ್ನಾಗಿರುತ್ತದೆ, ಬಿಗಿ ಕೊಟ್ಟ ದಿನ ಬಿಟ್ಟುಕೊಳ್ಳುತ್ತದೆ. ಬಿಡಿಭಾಗ ಸಿಕ್ಕರೆ ಹಾಕಿಸಿ, ಹಳೆಯದನ್ನು ಆಟಿಕೆ ಕೆಲಸಕ್ಕೆ ಇಟ್ಟುಕೊಳ್ಳಿ.

ಇನ್ನು 18 ಇಂಚಿನದು. ಗುಜರಿ ಬೆಲೆ ಅಂದ ಕೂಡಲೇ ನನಗೂ ಕೈ ತುರಿಸುತ್ತದೆ. 31 ವರ್ಷ ಎರಕದ ಕಾರ್ಖಾನೆಯಲ್ಲಿ ಅಚ್ಚಿಗೆ ಮರದ ಮಾದರಿ ಮಾಡುವ ಪ್ಯಾಟರ್ನ್ ಶಾಪಿನಲ್ಲಿ ಇಂಥ ಯಂತ್ರದ ಮುಂದೆಯೇ ನಿಂತವನು ನಾನು. ಆದರೆ ನಿಮ್ಮ ಮನೆಗೆ ಸಿಂಗಲ್ ಫೇಸ್ ಇರಬೇಕು. ತ್ರೀ ಫೇಸ್ ಇದ್ದರೆ ಅದು ತೋಟದ ಪಂಪ್‌ಸೆಟ್ಟಿಗೆ ಬರುವ ಲೈನು. ಕೊಡುವುದೇ ದಿನಕ್ಕೆ ಕೆಲವು ಗಂಟೆ, ಅದರಲ್ಲಿ ಬೇರೆ ಯಂತ್ರ ಓಡಿಸುವ ಹಾಗೂ ಇಲ್ಲ. ಮೋಟಾರ್ ಬದಲಿಸಬೇಕು, ಪುಲ್ಲಿ ಬದಲಿಸಬೇಕು, ಚಕ್ರದ ರಬ್ಬರ್ ಸವೆದಿದ್ದರೆ ಅದೂ ಹೊಸದಾಗಬೇಕು. ಎಷ್ಟೋ ಹಳೆಯ ಯಂತ್ರಗಳಲ್ಲಿ ಚಕ್ರಕ್ಕೆ ಮುಚ್ಚಳವೇ ಇರುವುದಿಲ್ಲ. ಮಕ್ಕಳು ಓಡಾಡುವ ಶೆಡ್ಡಿಗೆ ಅದು ಬರಕೂಡದು.

ಹಾಗಾಗಿ ನನ್ನ ಓಟು 14 ಇಂಚಿನ ಎರಕದ ಮೈಗೆ, ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ ಜೊತೆಗೆ. 14 ಅನ್ನುವುದು ಚಕ್ರದ ಅಳತೆ, ಸೀಳುವ ಎತ್ತರವಲ್ಲ. ಹಳೆಯ ಮಾದರಿಯ 14 ಇಂಚಿನ ಯಂತ್ರ ಸೀಳುವುದು 6 ಇಂಚು ಮಾತ್ರ. ಕಂಬದ ನಡುವೆ ಒಂದು ಎರಕದ ತುಂಡು ಕೂರಿಸಿದರೆ 12 ಇಂಚಾಗುತ್ತದೆ, ಅದಕ್ಕೆ ರೈಸರ್ ಬ್ಲಾಕ್ ಎನ್ನುತ್ತಾರೆ. ಬ್ಲೇಡಿನ ಉದ್ದವೂ 93.5 ಇಂಚಿನಿಂದ 105ಕ್ಕೆ ಹೋಗುತ್ತದೆ. ಆ ತುಂಡು ಸಿಗುತ್ತಾ ಎಂದು ಹಣ ಕೊಡುವ ಮೊದಲೇ ಕೇಳಿ. ನಿಮಗೆ 8 ಇಂಚು ಬೇಕಲ್ಲ, ಅದಿಲ್ಲದೆ ಈ ಯಂತ್ರ ದಂಡ.

ಒಂದು ಮಾತು, 14 ಇಂಚಿನದಕ್ಕೂ ಮುಕ್ಕಾಲು ಇಂಚಿನ ಬ್ಲೇಡ್ ಹಾಕಬೇಡಿ! ಸೀಳಲು ಅರ್ಧ ಇಂಚಿನದು ಸಾಕು, ಇಂಚಿಗೆ 3 ಹಲ್ಲು. ಲೆಕ್ಕ ನೋಡಿ. ಇಂಚಿಗೆ 6 ಹಲ್ಲಿನ ಬ್ಲೇಡಾದರೆ 8 ಇಂಚು ಮರದೊಳಗೆ ಏಕಕಾಲಕ್ಕೆ 48 ಹಲ್ಲು. ಹಲ್ಲುಗಳ ನಡುವಿನ ಸಂದು ಹೊಟ್ಟಿನಿಂದ ತುಂಬಿ, ಬ್ಲೇಡ್ ಕಾದು, ದಾರಿ ತಪ್ಪುತ್ತದೆ. ನಿಮ್ಮ ಹಳೆಯ ಬ್ಲೇಡಿಗೆ ಎಷ್ಟು ಹಲ್ಲಿತ್ತೋ? ಅದು ಸೀಳದೆ ಒದ್ದಾಡಿದ್ದಕ್ಕೇ ನೀವು ಅಗಲದ ಹಿಂದೆ ಬಿದ್ದಿರಿ ಅಂತ ನನ್ನ ಅನುಮಾನ. ಆಟಿಕೆಯ ಸುತ್ತುಗಳಿಗೆ ಕಾಲು ಇಂಚು, 6 ಹಲ್ಲು. ಅದು ಸುಮಾರು ಮುಕ್ಕಾಲು ಇಂಚು ತ್ರಿಜ್ಯದ ತಿರುವು ತಗೊಳ್ಳುತ್ತದೆ, ಅರ್ಧ ಇಂಚಿನದಕ್ಕೆ ಎರಡೂವರೆ ಬೇಕು.

ಅಂಗಡಿಗೆ ಹೋದಾಗ ಬಣ್ಣ ನೋಡಬೇಡಿ. ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ, ಓಲಾಡುತ್ತದೆಯೇ ನೋಡಿ. ಅರ್ಧ ಇಂಚಿನ ಬ್ಲೇಡಿಗೆ ಪೂರ್ತಿ ಬಿಗಿ ಕೊಡಿಸಿ, ಬ್ಲೇಡ್ ಅತ್ತಿತ್ತ ಸರಿಯದಂತೆ ಹಿಡಿಯುವ ಗೈಡಿನ ಕಂಬವನ್ನು ಮೇಲಿಂದ ಕೆಳಗೆ ಇಳಿಸಿ. ಬ್ಲೇಡಿಗೂ ಗೈಡಿಗೂ ಇರುವ ಸಂದು ಬದಲಾದರೆ ಬೇಡ ಅನ್ನಿ. ಆಮೇಲೆ ಯಂತ್ರ ಓಡಿಸಿ, ಹಳೆಯ ದಪ್ಪ ಐದು ರೂಪಾಯಿ ನಾಣ್ಯವನ್ನು ಯಂತ್ರದ ಮೇಜಿನ ಮೇಲೆ ಅಂಚಿನ ಮೇಲೆ ನಿಲ್ಲಿಸಿ. ಬಿದ್ದರೆ ಯಂತ್ರ ಅದುರುತ್ತಿದೆ ಎಂದರ್ಥ. ಅಂಗಡಿಯವರು ನಗುತ್ತಾರೆ, ನಗಲಿ.

ನಾನು ಹೀಗೆ ನೋಡದೆ ಕೆಟ್ಟವನು. ನಿವೃತ್ತಿಯಾದ ವರ್ಷ ಮೂರು ಚಕ್ರದ ಒಂದು ಯಂತ್ರ ತಂದೆ. ಸಣ್ಣ ಮೈ, ದೊಡ್ಡ ಬಾಯಿ, ಎಂಥ ಜಾಣತನ ಅನ್ನಿಸಿತ್ತು. ಚಕ್ರ ಸಣ್ಣದಾದಷ್ಟೂ ಬ್ಲೇಡ್ ಜಾಸ್ತಿ ಬಾಗಬೇಕು, ಬಾಗಿ ಬಾಗಿ ಬಿರುಕು ಬಿಡುತ್ತದೆ. ಒಂದು ಮಳೆಗಾಲದಲ್ಲಿ ಐದು ಬ್ಲೇಡ್ ತುಂಡಾದವು. ಮಾರಿದವನು ‘ನಿಮ್ಮ ಕೈಯೇ ಭಾರ ಸಾರ್’ ಎಂದ.

ಬ್ಲೇಡಿನ ಎರಡು ತುದಿ ಬೆಸೆದು ಬಳೆಯಾಗಿ ಜೋಡಿಸುವವರು ಎಲ್ಲಿದ್ದಾರೆ ಎಂದು ಮೊದಲೇ ವಿಚಾರಿಸಿ. ಸಾಮಿಲ್ಲಿನವರು ಅಗಲದ ಬ್ಲೇಡ್ ಜೋಡಿಸುತ್ತಾರೆ, ಕಾಲು ಇಂಚಿನದು ಕೊಟ್ಟರೆ ಮುಖ ನೋಡುತ್ತಾರೆ. ಪ್ರತಿ ಸಲ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಬರುವುದು ಆಗದ ಮಾತು. ಬಂದ ಸಲವೇ ಆರು ಮಾಡಿಸಿಕೊಂಡು ಹೋಗಿ.

ಕೊನೆಗೆ, ಯಾರೂ ಹೇಳದ ಒಂದು ವಿಷಯ. ನಮ್ಮಲ್ಲಿ ಬ್ಯಾಂಡ್‌ಸಾ ಅಂದರೆ ಅರಣ್ಯ ಇಲಾಖೆಯ ಕಿವಿ ನೆಟ್ಟಗಾಗುತ್ತದೆ. ದಿಮ್ಮಿ ಸೀಳುವುದು ಸಾಮಿಲ್ ಕೆಲಸ, ಅದಕ್ಕೆ ಲೈಸೆನ್ಸ್ ಬೇಕು. ದಿಮ್ಮಿಯನ್ನು ಲೈಸೆನ್ಸ್ ಇರುವ ಮಿಲ್ಲಿನಲ್ಲಿ ಹಲಗೆ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಯಂತ್ರ ತರುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಬರೆದು ಕೇಳಿ. ಗಂಧದ ಕೆತ್ತನೆಯ ಗುಡಿಗಾರರ ಊರಿನವರು ನೀವು, ಮರದ ಕಾನೂನು ನಿಮಗೆ ಹೊಸದಲ್ಲ.

ಪ್ರಶ್ನೆ: ನನ್ನ ಬ್ಯಾಂಡ್‌ಸಾ ಯಾವಾಗಲೂ ಎಡಕ್ಕೆ ಎಳೆಯುತ್ತದೆ. ಬದಲಿಸಲಾ? (ಮೈಸೂರಿನ ಓದುಗರು)

ಉತ್ತರ: ಬ್ಲೇಡ್ ಬದಲಿಸಿ. ಒಂದು ಕಡೆಯ ಹಲ್ಲು ಮೊಂಡಾಗಿರುತ್ತದೆ. ಹೊಸದೂ ಎಳೆದರೆ ಹಲಗೆಯ ಅಂಚಿಗೆ ಸಮನಾಗಿ ಒಂದು ಗೆರೆ ಹಾಕಿ, ಬೇಲಿ (ಹಲಗೆಗೆ ಆನಿಕೆ ಕೊಡುವ ಪಟ್ಟಿ) ಇಲ್ಲದೆ ಕೈಯಲ್ಲೇ ಗೆರೆ ಹಿಡಿದು ಅರ್ಧ ಸೀಳಿ. ಅಲ್ಲೇ ನಿಲ್ಲಿಸಿ, ಹಲಗೆ ಎಷ್ಟು ಓರೆ ನಿಂತಿದೆಯೋ ಅಷ್ಟೇ ಓರೆಗೆ ಬೇಲಿ ಕೂರಿಸಿ.