ಕರಣೆ ಹಿಡಿಯಲು ಬಾರದವರು ಮನೆ ಕಟ್ಟಲು ಹೋಗಬಹುದೇ?

ಪ್ರಶ್ನೆ: ಕಡಿಮೆ ಆದಾಯದ ಕುಟುಂಬಗಳಿಗೆ ನಮ್ಮ ಬಡಾವಣೆಯ ಸ್ವಯಂಸೇವಕರು ಸೇರಿ ಮನೆ ಕಟ್ಟುತ್ತಿದ್ದಾರೆ. ನನಗೆ ಕಟ್ಟಡದ ಕೆಲಸ ಏನೂ ಗೊತ್ತಿಲ್ಲ. ಹೋದರೆ ಸುಮ್ನೆ ಅಡ್ಡಿಯಾಗುತ್ತೇನಾ?

ಉತ್ತರ: ಖಂಡಿತ ಹೋಗಿ. ಕಂಬಿ ಕಟ್ಟುವುದು, ವೈರಿಂಗ್, ಚಾವಣಿ ನುರಿತವರಿಗೇ ಬಿಡಿ. ಉಳಿದ ಕೆಲಸ ಬೇಕಾದಷ್ಟಿದೆ. ಇಟ್ಟಿಗೆ ನೆನೆಸುವುದನ್ನೇ ನೋಡಿ. ಒಣಗಿದ ಸುಟ್ಟ ಇಟ್ಟಿಗೆ ಗಾರೆಯಲ್ಲಿನ ನೀರನ್ನೆಲ್ಲ ಹೀರಿಬಿಡುತ್ತದೆ, ಆಗ ಗಾರೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಅದಕ್ಕೇ ಗುಳ್ಳೆ ಏಳುವುದು ನಿಲ್ಲುವವರೆಗೂ ಅದನ್ನು ನೀರಲ್ಲಿ ಮುಳುಗಿಸಿ ಇಡಬೇಕು. ಕಾಂಕ್ರೀಟ್ ಹಾಕಿದ ಮೇಲೆ ಕನಿಷ್ಠ 7 ದಿನ ಒಣಗದಂತೆ ನೋಡಿಕೊಳ್ಳಬೇಕು. ಇದಕ್ಕೆ ಬೇಕಾಗಿರುವುದು ಶ್ರದ್ಧೆ ಅಷ್ಟೇ, ಅಲ್ವಾ? ಆದರೆ ಒಂದು ದಿನ ತಪ್ಪಿದರೂ ಗೋಡೆಗೇ ನಷ್ಟ, ಹಾಗಾಗಿ ಬರುತ್ತೇನೆ ಅಂದ ದಿನ ಬಂದೇ ಬರಬೇಕು.

ಮನೆ ಪಡೆಯುವವರೂ ಜೊತೆಗೆ ದುಡಿಯುತ್ತಾರಾ ಅಂತ ಕೇಳಿ ನೋಡಿ. ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಎಂಬ ಮನೆ ಕಟ್ಟುವ ಸೇವಾ ಸಂಸ್ಥೆ ಈ ಪದ್ಧತಿಯನ್ನೇ ನೆಚ್ಚಿಕೊಂಡಿದೆ. ಕುಟುಂಬದವರು ತಮ್ಮ ಮನೆಗೆ ತಾವೇ ಬೆವರು ಸುರಿಸುತ್ತಾರೆ, ಮನೆ ಪುಕ್ಕಟೆ ಸಿಗುವುದಿಲ್ಲ, ಕೈಗೆಟುಕುವ ಕಂತುಗಳಲ್ಲಿ ಸಾಲ ತೀರಿಸುತ್ತಾರೆ. ನನಗೆ ತುಂಬಾ ಇಷ್ಟವಾಗುವುದು ಇದೇ, ಯಾಕೆಂದರೆ ಇಲ್ಲಿ ಕೊಡುವವರು, ತೆಗೆದುಕೊಳ್ಳುವವರು ಅನ್ನುವ ಭೇದ ಉಳಿಯುವುದಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೂಡ 1984ರಿಂದ ದಶಕಗಳ ಕಾಲ ಸುತ್ತಿಗೆ ಹಿಡಿದು ಈ ಸಂಸ್ಥೆಯ ಜೊತೆ ಕೆಲಸ ಮಾಡಿದರು.

ಹೋಗುವಾಗ ಗಟ್ಟಿ ಅಡಿಯ ಶೂ ಹಾಕಿಕೊಳ್ಳಿ, ಹೆಲ್ಮೆಟ್ ಕೇಳಿ ಪಡೆಯಿರಿ. ಸಿಮೆಂಟ್ ಚರ್ಮ ಸುಡುತ್ತದೆ, ಕೈಗವಸು ಮರೆಯಬೇಡಿ.